ಹಗ್ಗದಕ್ಕನ ಒಂದೇ ದೋಣಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದೋಣಿ ಇಳಿಸುವ ಸಿಮೆಂಟಿನ ಇಳಿಜಾರಿನಲ್ಲಿ ಕಾರುಗಳು ಹಿಮ್ಮುಖವಾಗಿ ನೀರಿನತ್ತ ಬರುತ್ತಿವೆ. ಪ್ರತಿ ಕಾರಿನ ಬೆನ್ನಿಗೂ ಒಂದು ಗಾಲಿಬಂಡಿ, ಬಂಡಿಯ ಮೇಲೊಂದು ದೋಣಿ. ಹಿಂದಿನ ಕೆಂಪು ದೀಪಗಳು ಒದ್ದೆ ನೆಲದ ಮೇಲೆ ಹೊಳೆಯುತ್ತಿವೆ. ಅವುಗಳ ನಡುವೆ ಒಬ್ಬ ಹೆಂಗಸು ಅತ್ತಿಂದಿತ್ತ ಓಡಾಡುತ್ತಿದ್ದಾರೆ. ಮೊಣಕಾಲವರೆಗೆ ರಬ್ಬರ್ ಬೂಟು, ಹೆಗಲ ಮೇಲೆ ಸುರುಳಿ ಸುತ್ತಿದ ದಪ್ಪ ಹಗ್ಗ, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. ನಿಂತಲ್ಲಿ ನಿಲ್ಲುವುದು ಅವರಿಂದ ಆಗುವುದಿಲ್ಲ.

"ಎಷ್ಟು ಜನ?"

"ನಾಲ್ಕು ಜನ, ಅಕ್ಕ."

"ಜಾಕೆಟ್ ಎಷ್ಟು?"

"ಮೂರು. ಇವನಿಗೆ ಈಜು ಬರುತ್ತೆ ಬಿಡಿ."

"ನಂಗೂ ಬರುತ್ತೆ. ಆದ್ರೂ ಹಾಕ್ಕೊಂಡಿದೀನಿ, ನೋಡಿ. ಒಳಗೆ ಮೊಳೆಗೆ ನೇತು ಹಾಕಿದೆ, ಒಂದು ತಗೊಂಡು ಬನ್ನಿ. ಯಾವ ಕಡೆ ಹೋಗ್ತೀರಿ? ಎಷ್ಟೊತ್ತಿಗೆ ವಾಪಸ್?"

ನಾಲ್ಕನೆಯವನು ಗೊಣಗುತ್ತಾ ಒಳಗೆ ಹೋಗುತ್ತಾನೆ. ಅವನು ಬರುವಷ್ಟರಲ್ಲಿ ಇವರು ಮುಂದಿನ ಕಾರಿನ ಕಿಟಕಿ ತಟ್ಟುತ್ತಿರುತ್ತಾರೆ. ರಜಾ ದಿನ ಬಂತೆಂದರೆ ಗಾಳ ಹಿಡಿದು ಕಡಲಿಗಿಳಿಯುವ ಶೋಕಿ ಮೀನುಗಾರರು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿ ಬರುವವರು, ಹೊಸ ದೋಣಿ ಕೊಂಡು ಅದರ ಮುಂದೆ ಫೋಟೊ ತೆಗೆಸಿಕೊಳ್ಳುವವರು, ಎಲ್ಲರೂ ಇವರನ್ನು ದಾಟಿಯೇ ನೀರಿಗಿಳಿಯಬೇಕು. ಎಲ್ಲರಿಗೂ ಇವರು ಹಗ್ಗದಕ್ಕ. ಕಡಲಲ್ಲಿ ಎಂಜಿನ್ ಕೈಕೊಟ್ಟರೆ, ಎಣ್ಣೆ ಮುಗಿದರೆ, ಮರಳದಿಬ್ಬಕ್ಕೆ ದೋಣಿ ಹತ್ತಿ ಕೂತರೆ, ಅವರು ಫೋನ್ ಮಾಡುವುದು ಇವರಿಗೆ. ಇವರು ತಮ್ಮ ಹಳೆಯ ಹಳದಿ ದೋಣಿಯಲ್ಲಿ ಹೋಗಿ, ಹಗ್ಗ ಎಸೆದು, ಎಳೆದುಕೊಂಡು ಬರುತ್ತಾರೆ.

"ನನ್ನ ಬಗ್ಗೆ ಏನು ಬರೀತೀರಿ?" ಎಂದು ನನ್ನನ್ನು ಕೇಳುತ್ತಾರೆ, ಮುಖ ನೋಡದೆ, ಕಣ್ಣು ಹೊಳೆ ಕಡಲು ಸೇರುವ ಅಳಿವೆಯ ಬಾಯಿಯ ಮೇಲಿಟ್ಟುಕೊಂಡೇ. "ಬೇರೆಯವರ ದೋಣಿ ಎಳೆಯೋದು ನನ್ನ ಕೆಲಸ. ಎತ್ತು ಮಾಡೋ ಕೆಲಸ."

ಬೆಳಗಿನ ಸಂತೆ ಕರಗಿದ ಮೇಲೆ ಅವರ ಕೋಣೆಗೆ ಹೋಗುತ್ತೇವೆ. ಕೋಣೆ ಅಂದರೆ ತಗಡಿನ ಮಾಡಿನ ಒಂದು ಗೂಡು. ಕಿಟಕಿಗೆ ಗಾಜಿಲ್ಲ, ಬೇಕೆಂದೇ ತೆಗೆಸಿದ್ದಾರಂತೆ, ಗಾಜಿದ್ದರೆ ಗಾಳಿ ತಿರುಗಿದ್ದು ಗೊತ್ತಾಗುವುದಿಲ್ಲ ಎಂದು. ಒಂದು ವಾಕಿಟಾಕಿ, ಒಂದು ದುರ್ಬೀನು, ಚಹಾದ ಫ್ಲಾಸ್ಕು, ಎರಡು ಕುರ್ಚಿ. ಒಂದರ ಮೇಲೆ ಹಗ್ಗದ ರಾಶಿ, ಇನ್ನೊಂದರಲ್ಲಿ ನಾನು. ಅವರು ಬಾಗಿಲಲ್ಲಿ ನಿಂತೇ ಚಹಾ ಕುಡಿಯುತ್ತಾರೆ. ಎರಡು ಗುಟುಕಿಗೊಮ್ಮೆ ಹೊರಗೆ ನಿಂತ ಕಾರುಗಳನ್ನು ನೋಡುತ್ತಾರೆ. ಅವರ ಲೆಕ್ಕ ಇರುವುದು ಅಲ್ಲಿ. ದಡದಲ್ಲಿ ಕಾರು ಇದೆ ಅಂದರೆ ಅದರ ಯಜಮಾನ ಇನ್ನೂ ನೀರಿನಲ್ಲಿದ್ದಾನೆ.

ಫೋನ್ ಬರುತ್ತದೆ. ಇವತ್ತಿನ ಮೊದಲನೆಯದು.

"ಅಕ್ಕ, ಎಂಜಿನ್ ಏನೋ ಪ್ರಾಬ್ಲಂ. ಸ್ಟಾರ್ಟೇ ಆಗ್ತಿಲ್ಲ."

"ಎಣ್ಣೆ ಇದೆಯಾ?"

"ಇದೆ ಇದೆ. ಫುಲ್ ಮಾಡ್ಸಿದ್ದೆ."

"ಯಾವಾಗ?"

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಹೋದ ತಿಂಗಳು."

ಹತ್ತರಲ್ಲಿ ಆರು ಕರೆ ಎಣ್ಣೆಯದ್ದೇ ಎನ್ನುತ್ತಾರೆ ಅವರು ದೋಣಿ ಬಿಚ್ಚುತ್ತಾ. ರಜಾ ದಿನದಲ್ಲಿ ಎಂಟೊಂಬತ್ತು ಕರೆ ಬರುವುದುಂಟು. ಉಳಿದ ದಿನ ಒಂದೋ ಎರಡೋ. "ಕಾರಿಗಾದ್ರೆ ಮುಳ್ಳು ನೋಡಿ ಎಣ್ಣೆ ಹಾಕಿಸ್ತಾರೆ. ದೋಣಿಗೆ ದೇವರ ಮೇಲೆ ಭಾರ ಹಾಕ್ತಾರೆ. ದೇವರಿಗೆ ಎಷ್ಟು ಜನರ ಟ್ಯಾಂಕ್ ನೋಡೋಕಾಗುತ್ತೆ?"

ನಾನೂ ಜೊತೆಗೆ ಹೋಗುತ್ತೇನೆ. ಅಳಿವೆ ದಾಟಿದೊಡನೆ ಅಲೆ ದೋಣಿಯ ಹೊಟ್ಟೆಗೆ ಗುದ್ದತೊಡಗುತ್ತದೆ. ನಡುವಯಸ್ಸಿನ ಮೂವರು ಗೆಳೆಯರು ನಿಂತ ದೋಣಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾರೆ. ಹಗ್ಗದಕ್ಕ ಗಾಳಿ ಬೀಸಿ ಬರುವ ಕಡೆಗೆ ಬಂದು ಹಗ್ಗ ಬೀಸುತ್ತಾರೆ. ಮೊದಲ ಎಸೆತ ತಪ್ಪುತ್ತದೆ. "ಅಯ್ಯೋ ನನ್ನ ಕೈಯೇ" ಎಂದು ತಮಗೆ ತಾವೇ ಬೈದುಕೊಂಡು ಎಳೆದು ಮತ್ತೆ ಬೀಸುತ್ತಾರೆ. ಎಳೆದು ತರುವಾಗ ಹಿಂದಿನ ದೋಣಿಯವನೊಬ್ಬ ಕೂಗುತ್ತಾನೆ, "ಅಕ್ಕ, ಸ್ವಲ್ಪ ನಿಧಾನ ಹೋದ್ರೆ ಗಾಳ ಬಿಟ್ಕೊಂಡೇ ಬರ್ಬಹುದು!" ಹಗ್ಗದಕ್ಕನಿಗೂ ನಗು ತಡೆಯಲಾಗುವುದಿಲ್ಲ.

ಇವರ ಅಪ್ಪ ಇದೇ ಅಳಿವೆಯಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದವರು. ಸೇತುವೆ ಬಂತು, ದೋಣಿ ಕಡವು ನಿಂತಿತು. ಮಗಳು ಐಸ್ ಕಾರ್ಖಾನೆಯಲ್ಲಿ ಕೆಲವು ಕಾಲ ಮಂಜುಗಡ್ಡೆ ಹೊತ್ತರು. ಬೆರಳು ಮರಗಟ್ಟಿ, ಮನೆಗೆ ಹೋಗಿ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲವಂತೆ. ಆಮೇಲೆ ದೋಣಿ ಕ್ಲಬ್ಬಿನಲ್ಲಿ ದೋಣಿ ತೊಳೆಯುವ ಕೆಲಸ ಸಿಕ್ಕಿತು. ಆಗ ಎಳೆಯುವ ದೋಣಿಗೆ ಬೇರೊಬ್ಬ ಚಾಲಕನಿದ್ದ. ಅವನು ಬೆನ್ನುನೋವೆಂದು ಬಿಟ್ಟು ಹೋದ. "ಇನ್ನೊಬ್ಬ ಸಿಗೋವರೆಗೆ ನೀನು ನೋಡ್ಕೋ ಅಂದ್ರು. ಹದಿನೆಂಟು ವರ್ಷ ಆಯ್ತು. ಆ ಇನ್ನೊಬ್ಬ ಇನ್ನೂ ಸಿಕ್ಕಿಲ್ಲ."

ಅವರ ಮನೆ ಜೆಟ್ಟಿಯಿಂದ ಕೂಗಳತೆಯ ದೂರ. ಮುಂದಿನ ಕೋಣೆಯಲ್ಲೇ ಗಂಡನ ಗಡಿಯಾರ ರಿಪೇರಿ ಅಂಗಡಿ. ಅವರದು ಹೆಂಡತಿಗೆ ತದ್ವಿರುದ್ಧ ಸ್ವಭಾವ. ಒಮ್ಮೆ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತರೆ ಮಧ್ಯಾಹ್ನದವರೆಗೆ ಅಲುಗುವುದಿಲ್ಲ. ದೋಣಿ ಹತ್ತುವುದಿರಲಿ, ದೋಣಿಯ ಚಿತ್ರ ನೋಡಿದರೂ ತಲೆ ಸುತ್ತುತ್ತದೆ ಎನ್ನುತ್ತಾರೆ. ಒಳಗಿನಿಂದ ಅತ್ತೆ ಮಾತು ಸೇರಿಸುತ್ತಾರೆ: "ನಮ್ಮ ಸೊಸೆ ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದು. ತಟ್ಟೆ ಮುಂದೆ ಕೂತಿರ್ತಾಳೆ, ಕಿಟಕಿ ಪರದೆ ಅಲ್ಲಾಡ್ತು ಅಂದ್ರೆ ಎದ್ದು ಹೋಗ್ತಾಳೆ. ಇವಳ ಜೊತೆ ಒಂದು ಊಟ ಪೂರ್ತಿ ಮುಗಿಸಿದ್ದು ನೆನಪಿಲ್ಲ ನಂಗೆ."

ಕಳೆದ ವರ್ಷದಿಂದೀಚೆಗೆ ಈ ಚಡಪಡಿಕೆ ಹೆಚ್ಚಾಗಿದೆ ಎನ್ನುತ್ತಾರೆ ಗಂಡ, ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟು. ಹೆಂಡತಿ ಹೊರಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಮೆಲ್ಲಗೆ ಸೇರಿಸುತ್ತಾರೆ: "ನಿದ್ದೆಯಲ್ಲೂ ಹಗ್ಗ ಎಳೀತಾಳೆ. ಹೊದಿಕೆ ಎಲ್ಲ ಅವಳ ಕಡೆಗೇ ಹೋಗುತ್ತೆ."

ಕಳೆದ ವರ್ಷದ ಆ ದಿನದ ಬಗ್ಗೆ ಹಗ್ಗದಕ್ಕ ಒಂದೇ ಸಲಕ್ಕೆ ಹೇಳಲಿಲ್ಲ. ಹೇಳುತ್ತಾ ಹೇಳುತ್ತಾ ಎದ್ದು ಹೋಗುವುದು, ಬಂದು ಬಿಟ್ಟಲ್ಲಿಂದ ಹಿಡಿಯುವುದು. ಮೂರು ದಿನದಲ್ಲಿ ನಾನು ಕೂಡಿಸಿಕೊಂಡದ್ದು ಇಷ್ಟು.

ಅವತ್ತೂ ರಜೆ. ಬೆಳಿಗ್ಗೆ ಕಡಲು ಕನ್ನಡಿಯಂತಿತ್ತು. ಮಧ್ಯಾಹ್ನದ ಹೊತ್ತಿಗೆ ಗಾಳಿ ಏಕಾಏಕಿ ದಡದ ಕಡೆಯಿಂದ ಬೀಸತೊಡಗಿತು. ಕಡಲಿನ ಇಳಿತವೂ ಅದೇ ಹೊತ್ತಿಗೆ ಸೇರಿಕೊಂಡಿತು. ಹಾಗಾದರೆ ನೀರೂ ಗಾಳಿಯೂ ಒಟ್ಟಾಗಿ ಸಣ್ಣ ದೋಣಿಗಳನ್ನು ಹೊರಗಡೆಗೆ ನೂಕುತ್ತವೆ. ಹೆಚ್ಚಿನವರು ತಾವಾಗಿಯೇ ತಿರುಗಿ ಬಂದರು. ಹಗ್ಗದಕ್ಕ ಕಾರುಗಳನ್ನು ನೋಡಿದರು. ಯಜಮಾನ ವಾಪಸ್ ಬಾರದ ಕಾರು ಒಂದೇ ಉಳಿದಿತ್ತು. ಅದರಾಚೆ, ಬೇಲಿಗೆ ಒರಗಿಸಿದ ಒಂದು ಸೈಕಲ್ಲೂ ಇತ್ತು.

ಸೈಕಲ್ಲು ಬಡಗಿಯಜ್ಜನದು. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ಮನುಷ್ಯ. ವಯಸ್ಸಾಗಿ ಉಳಿ ಕೆಳಗಿಟ್ಟ ಮೇಲೆ ತನಗೊಬ್ಬನಿಗೆ ಆಗುವಷ್ಟು ಉದ್ದನೆಯ ಮರದ ದೋಣಿಯೊಂದನ್ನು ತಾನೇ ಮಾಡಿಕೊಂಡು, ಹುಟ್ಟು ಹಾಕಿಕೊಂಡು ಹೋಗಿ ಗಾಳ ಹಾಕುತ್ತಾರೆ. ದಡಕ್ಕೆ ತಿರುಗುವಾಗ ಪ್ರತಿ ಸಲವೂ ಹಗ್ಗದಕ್ಕನ ಫೋನಿಗೆ ಒಂದು ಮೆಸೇಜು ಹಾಕುತ್ತಾರೆ, ಬರುತ್ತಿದ್ದೇನೆ ಎಂದು. ಅವತ್ತು ಗಾಳಿ ತಿರುಗಿ ಬಹಳ ಹೊತ್ತಾದರೂ ಮೆಸೇಜು ಬಂದಿರಲಿಲ್ಲ. ಇವರೇ ಹಾಕಿದ ಎರಡು ಮೆಸೇಜಿಗೂ ಉತ್ತರವಿಲ್ಲ.

ದೋಣಿ ಬಿಚ್ಚಲು ಓಡುತ್ತಿರುವಾಗಲೇ ಫೋನು ಹೊಡೆದುಕೊಂಡಿತು. ಆ ಕಡೆ ಒಬ್ಬ ಹೆಂಗಸು ಕಿರುಚುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳುವವರು, ತಮ್ಮ ಅಣ್ಣ ಅತ್ತಿಗೆಯ ಜೊತೆ ದೋಣಿಯಲ್ಲಿದ್ದರು. ಅಣ್ಣ ಹಲ್ಲಿನ ಡಾಕ್ಟರು, ದೋಣಿ ಅವರದೇ. ಎಂಜಿನ್ ನಿಂತಿತ್ತು, ದೋಣಿ ಹೊರಗಿನ ಬಂಡೆಸಾಲಿನ ಕಡೆಗೆ ಜಾರುತ್ತಿತ್ತು.

ಬಂಡೆಸಾಲು ಅಳಿವೆಯ ಬಲಕ್ಕೆ. ಬಡಗಿಯಜ್ಜ ಗಾಳ ಹಾಕುವ ಜಾಗ ಎಡಕ್ಕೆ, ತಿರುವಿನಾಚೆ. ದೊಡ್ಡ ಬಂದರಿನ ರಕ್ಷಣಾ ದೋಣಿಗೆ ವಾಕಿಟಾಕಿಯಲ್ಲಿ ಹೇಳಿದರು. ಬರಲು ಒಂದು ಗಂಟೆಯಾದರೂ ಬೇಕು ಎಂಬ ಉತ್ತರ ಬಂತು. ಆಗಷ್ಟೇ ದೋಣಿ ಮೇಲೆಳೆದುಕೊಂಡಿದ್ದ ಇಬ್ಬರು ಸದಸ್ಯರನ್ನು ಕೇಳಿದರು. ಒಬ್ಬರು ಕಡಲು ನೋಡಿದರು, ಹೆಂಡತಿಯ ಮುಖ ನೋಡಿದರು, ತಲೆ ಅಲ್ಲಾಡಿಸಿದರು. ಇನ್ನೊಬ್ಬರದು ಎಣ್ಣೆ ಮುಗಿದಿತ್ತು.

"ಲಂಗರು ಬಿಡಿ, ಹಗ್ಗ ಪೂರ್ತಿ ಬಿಡಿ" ಎಂದು ಫೋನಿನಲ್ಲಿ ಹೇಳಿದರು. ಅವರು ಬಿಟ್ಟರು. ಸ್ವಲ್ಪ ಹೊತ್ತಿಗೆ ದೋಣಿ ನಿಂತಿತು ಎಂದರು ಆ ತಂಗಿ.

"ಹಾಗಿದ್ರೆ ಅಲ್ಲೇ ಇರಿ. ಜಾಕೆಟ್ ಬಿಗಿ ಮಾಡ್ಕೊಳ್ಳಿ. ನಾನು ಇನ್ನೊಂದು ಕಡೆ ಹೋಗಿ ಆಮೇಲೆ ಬರ್ತೀನಿ."

"ನಮ್ಮನ್ನ ಬಿಟ್ಟು ಹೋಗ್ತಿದೀರಾ?"

"ಹೌದು. ಬರ್ತೀನಿ."

ಆ 'ಹೌದು' ಅನ್ನು ಇವರು ಇವತ್ತಿಗೂ ಬಾಯಲ್ಲಿ ತಿರುಗಿಸುತ್ತಾರೆ. "ಬೇರೆ ಏನಾದ್ರೂ ಹೇಳ್ಬಹುದಿತ್ತು. ಹೊರಟೆ, ಬಂದೆ ಅಂತ ಸುಳ್ಳು ಹೇಳಿದ್ರೂ ಅವರಿಗೆ ಒಂದಿಷ್ಟು ಧೈರ್ಯ ಇರ್ತಿತ್ತು. ಬಾಯಿಗೆ ಬಂದಿದ್ದು ಹೌದು ಅಂತ. ಆಡಿದ ಮಾತು, ಒಡೆದ ಮುತ್ತು."

ತಿರುವಿನಾಚೆ ಅಲೆಗಳ ನೆತ್ತಿಯೆಲ್ಲ ಬೆಳ್ಳಗಾಗಿತ್ತು. ಎಲ್ಲಿ ನೋಡಿದರೂ ನೊರೆ. ಅದರಲ್ಲಿ ಒಂದು ಮರದ ದೋಣಿಯನ್ನು ಹುಡುಕುವುದೆಂದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ. ಒಂದು ಸುತ್ತು ಹಾಕಿದರು, ಇನ್ನಷ್ಟು ಹೊರಗೆ ಹೋಗಿ ಇನ್ನೊಂದು ಸುತ್ತು ಹಾಕಿದರು. ಏನೂ ಇಲ್ಲ. ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು. ತಿರುಗಿ ಬಂಡೆಸಾಲಿಗೆ ಹೋಗಿಬಿಡೋಣ ಎಂದು ಚುಕ್ಕಾಣಿ ಅರ್ಧ ತಿರುಗಿಸಿಯೂ ಆಗಿತ್ತು.

ಆಮೇಲೆ ಎಂಜಿನ್ ನಿಲ್ಲಿಸಿದರು. ಅದು ಮಾಡಬಾರದ ಕೆಲಸ. ಹಳೆಯ ಎಂಜಿನ್, ಒಮ್ಮೆ ನಿಂತರೆ ಮತ್ತೆ ಹತ್ತಿಕೊಳ್ಳುವ ಭರವಸೆ ಇಲ್ಲ. "ಯಾಕೆ ನಿಲ್ಲಿಸಿದೆ ಅಂತ ಕೇಳ್ಬೇಡಿ. ತಲೆ ಕೆಟ್ಟಿತ್ತು. ಆ ಸದ್ದಿನಲ್ಲಿ ಯೋಚನೆ ಮಾಡೋಕಾಗ್ತಿರ್ಲಿಲ್ಲ, ಅಷ್ಟೇ."

ಗಾಳಿಯ ಸದ್ದು ಉಳಿಯಿತು, ನೀರಿನ ಸದ್ದು ಉಳಿಯಿತು. ಅದರೊಳಗೆ ಇನ್ನೊಂದು ಸದ್ದು. ಟಕ್, ಟಕ್, ಟಕ್. ಬಾಗಿಲು ಬಡಿದ ಹಾಗೆ.

ಮಗುಚಿದ ದೋಣಿಯ ಮೇಲೆ ಬಡಗಿಯಜ್ಜ ಅಡ್ಡಲಾಗಿ ಬಿದ್ದುಕೊಂಡಿದ್ದರು. ಒಂದು ಕೈ ದೋಣಿಯ ಅಂಚು ಹಿಡಿದಿತ್ತು. ಇನ್ನೊಂದು ಕೈಯಲ್ಲಿ ಮೀನು ಕೊಯ್ಯುವ ಚಾಕುವಿನ ಹಿಡಿ. ಅದರಿಂದ ಮರವನ್ನು ಬಡಿಯುತ್ತಲೇ ಇದ್ದರು. ಆ ಸದ್ದು ಅವರಿಗೆ ಕೇಳುವುದಿಲ್ಲ. ಜೀವಮಾನವೆಲ್ಲ ಮರ ಬಡಿದವರು, ಅದು ಬೇರೆಯವರಿಗೆ ಕೇಳುತ್ತದೆ ಎಂಬುದು ಗೊತ್ತಿತ್ತು. ಇವರು ಅಂಗೈಯಿಂದ ಅಜ್ಜನ ಬೆನ್ನು ಮುಟ್ಟಿದಾಗಲೂ ಬಡಿತ ನಿಲ್ಲಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚಾಕು ತೆಗೆದುಕೊಳ್ಳಬೇಕಾಯಿತು. ಜಾಕೆಟ್ಟಿನ ಪಟ್ಟಿ ಹಿಡಿದು ದೋಣಿಯೊಳಕ್ಕೆ ಎಳೆದುಕೊಂಡರು, ಟಾರ್ಪಾಲು ಸುತ್ತಿದರು.

"ಇಬ್ರೂ ಅತ್ವಿ ಅಂತ ಬರೀಬೇಡಿ. ಅಳೋಕೆ ಟೈಮಿರ್ಲಿಲ್ಲ. ಎಂಜಿನ್ ಹತ್ತಿಸ್ಬೇಕಿತ್ತು." ಅದು ನಾಲ್ಕನೆಯ ಎಳೆತಕ್ಕೆ ಹತ್ತಿಕೊಂಡಿತು.

ಅಜ್ಜನನ್ನು ದಡಕ್ಕೆ ಬಿಡದೆ ನೇರ ಬಂಡೆಸಾಲಿಗೆ ದೋಣಿ ಓಡಿಸಿದರು. ಅಷ್ಟರಲ್ಲಿ ಅಲ್ಲಿ ಲಂಗರು ಮರಳಿನಿಂದ ಕಿತ್ತುಕೊಂಡಿತ್ತು. ದೋಣಿ ಬಂಡೆಗೆ ಅಪ್ಪಳಿಸುವಾಗ ಡಾಕ್ಟರು ಕೈ ಚಾಚಿ ಬಂಡೆಯನ್ನು ನೂಕಲು ಹೋಗಿದ್ದರು. ದೋಣಿಗೂ ಬಂಡೆಗೂ ನಡುವೆ ಬಲಗೈ ಸಿಕ್ಕಿ ಮಣಿಕಟ್ಟು ನುಚ್ಚಾಗಿತ್ತು. ಅತ್ತಿಗೆ ಅವರನ್ನು ತಬ್ಬಿ ಕೂತಿದ್ದರು. ಹಗ್ಗ ಹಿಡಿಯಲು ಎದ್ದು ನಿಂತದ್ದು ಆ ತಂಗಿ. ಎರಡು ಸಲ ಕೈತಪ್ಪಿತು. ಮೂರನೆಯ ಸಲ ಅವರು ಹಗ್ಗದ ಮೇಲೆ ಮೈಚೆಲ್ಲಿ ಬಿದ್ದು ಹಿಡಿದರು. ದಡ ಸೇರುವವರೆಗೆ ಹಗ್ಗದಕ್ಕನನ್ನು ಬಾಯಿಗೆ ಬಂದಂತೆ ಬೈದರು. ಹಗ್ಗದಕ್ಕ ತಿರುಗಿ ನೋಡಲಿಲ್ಲ.

ಡಾಕ್ಟರ ಕೈಗೆ ಎರಡು ಆಪರೇಷನ್ ಆದವು. ಮನೆಯವರು ಕ್ಲಬ್ಬಿಗೆ ದೂರು ಕೊಟ್ಟರು, ಮೂವರನ್ನು ಬಂಡೆಯ ಬಾಯಿಗೆ ಬಿಟ್ಟು ಒಬ್ಬರ ಹಿಂದೆ ಹೋದರು ಎಂದು. ವಿಚಾರಣೆ ಆಗುವವರೆಗೆ ದೋಣಿಯ ಕೀಲಿ ಕೊಟ್ಟುಬಿಡಿ ಎಂದು ಕಮಿಟಿ ಹೇಳಿತು. ಕೊಟ್ಟರು.

ಆ ದಿನಗಳು ಹಗ್ಗದಕ್ಕನ ಮನೆಯವರಿಗೆಲ್ಲ ನೆನಪಿವೆ. ಸೊಸೆ ತೊಳೆದ ಪಾತ್ರೆಯನ್ನೇ ತೊಳೆದರು, ಕಪಾಟು ಖಾಲಿ ಮಾಡಿ ತುಂಬಿದರು, ಗಂಡನ ಮೇಜು ಒರೆಸಲು ಹೋಗಿ ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನೆಲ್ಲ ಗುಡಿಸಿ ಹಾಕಿದರು. ಗಂಡ ನೆಲದ ಮೇಲೆ ಮಂಡಿಯೂರಿ ಅಯಸ್ಕಾಂತ ಹಿಡಿದು ಒಂದೊಂದನ್ನೇ ಹೆಕ್ಕಿಕೊಂಡರು. "ನೀನು ಮಾಡಿದ್ದು ಸರಿ ಅಂತ ನಾನು ಹೇಳಿದೆ" ಎನ್ನುತ್ತಾರೆ ಗಂಡ. "ಸುಮ್ನಿರಿ, ನಿಮಗೇನು ಗೊತ್ತು ಅಂದ್ಲು. ತಪ್ಪು ಅಂದಿದ್ರೂ ಅದನ್ನೇ ಅಂತಿದ್ಲು." ರಜಾ ದಿನ ಬಂದರೆ ಹಗ್ಗದಕ್ಕ ಹೋಗಿ ಕ್ಲಬ್ಬಿನ ಬೇಲಿಯ ಹೊರಗೆ ನಿಲ್ಲುತ್ತಿದ್ದರು. ಕಾರು ನೋಡುತ್ತಿದ್ದರು. ಕೊನೆಯ ಕಾರು ಹೋದ ಮೇಲೆ ಮನೆಗೆ ಬರುತ್ತಿದ್ದರು.

ವಿಚಾರಣೆ ಕ್ಲಬ್ಬಿನ ಮಹಡಿಯ ಕೋಣೆಯಲ್ಲಿ ನಡೆಯಿತು. ಉದ್ದನೆ ಮೇಜು, ನೀರಿನ ಲೋಟಗಳು. ಅಧ್ಯಕ್ಷರು ಕೇಳಿದರು, "ಮೂರು ಜೀವ ಹೆಚ್ಚಾ, ಒಂದು ಜೀವ ಹೆಚ್ಚಾ?"

"ಗೊತ್ತಿಲ್ಲ ಸರ್. ಇವರ ಹತ್ರ ದೋಣಿ ಇತ್ತು, ಲಂಗರು ಇತ್ತು, ಫೋನಿತ್ತು. ಅಜ್ಜನ ಹತ್ರ ಏನಿದೆ, ಏನಿಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ. ಅದಕ್ಕೆ ಹೋದೆ. ಲಂಗರು ಹಿಡಿಯುತ್ತೆ ಅಂದ್ಕೊಂಡಿದ್ದೆ. ಹಿಡೀಲಿಲ್ಲ."

ಡಾಕ್ಟರು ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ಅವರ ಪರವಾಗಿ ಮಾತಾಡಲು ತಂಗಿ ಎದ್ದರು. ಅವರು ಹೇಳಿದ್ದನ್ನು ನನಗೆ ಅವರೇ ಮತ್ತೊಮ್ಮೆ ಹೇಳಿ ತೋರಿಸಿದರು. "ನಮ್ಮಣ್ಣನ ಕೈ ಹೋಗಿದ್ದು ನಿಜ. ಇವರು ಬಿಟ್ಟು ಹೋಗಿದ್ದು ನಿಜ. ವಾಪಸ್ ಬಂದಿದ್ದೂ ನಿಜ. ನಾನು ದೂರು ಹೇಳೋಕೇ ಬಂದೆ. ಆದ್ರೆ ಮೆಟ್ಟಿಲು ಹತ್ತುವಾಗ ಕೆಳಗೆ ನೋಡಿದೆ. ಅಷ್ಟೊಂದು ದೋಣಿ ಸಾಲಾಗಿ ನಿಂತಿವೆ. ಅವನ್ನೆಲ್ಲ ಎಳೆಯೋಕೆ ಇರೋದು ಒಂದೇ ದೋಣಿ, ಒಬ್ರೇ ಹೆಂಗಸು. ಇದನ್ನ ಹೀಗೆ ಇಟ್ಟಿದ್ದು ಯಾರು ಅಂತ ಮೊದಲು ಹೇಳಿ ಸರ್."

ಮೇಜಿನ ಸುತ್ತ ಕೂತವರು ನೀರು ಕುಡಿದರು. ಅದಾಗಿ ಎರಡು ವಾರಕ್ಕೆ ಕೀಲಿ ವಾಪಸ್ ಬಂತು.

ಡಾಕ್ಟರ ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಕ್ಲಿನಿಕ್ಕು ತೆರೆದಿದ್ದಾರೆ, ಸಣ್ಣ ಪುಟ್ಟ ಕೆಲಸ ಮಾಡುತ್ತಾರೆ, ದೊಡ್ಡದನ್ನು ಬೇರೆಯವರಿಗೆ ಕಳಿಸುತ್ತಾರೆ. ದಾರಿಯಲ್ಲಿ ಎದುರಾದರೆ ಹಗ್ಗದಕ್ಕನನ್ನು ನೋಡದೆ ಹೋಗುತ್ತಾರೆ. "ಅವರ ಕೋಪ ಸುಳ್ಳಲ್ಲ" ಎನ್ನುತ್ತಾರೆ ಇವರು. "ನಾನು ಮೊದಲು ಆ ಕಡೆ ಹೋಗಿದ್ರೆ ಆ ಕೈ ಉಳೀತಿತ್ತು. ಅಜ್ಜ ಉಳೀತಿದ್ರಾ? ಅದನ್ನ ಯಾರು ಹೇಳ್ತಾರೆ? ಹಾಸಿಗೆ ಮೇಲೆ ಒಂದು ಮಗ್ಗುಲಿಗೆ ತಿರುಗಿದ್ರೆ ಸರಿ ಅನ್ಸುತ್ತೆ, ಇನ್ನೊಂದು ಮಗ್ಗುಲಿಗೆ ತಿರುಗಿದ್ರೆ ತಪ್ಪು ಅನ್ಸುತ್ತೆ."

ಆದರೆ ಆ ತಂಗಿ ಪ್ರತಿ ರಜಾ ದಿನವೂ ಬೆಳಕು ಹರಿಯುವ ಮುಂಚೆ ಜೆಟ್ಟಿಗೆ ಬರುತ್ತಾರೆ. ಸಂಬಳವಿಲ್ಲದೆ ಬರುತ್ತಾರೆ. ಅಣ್ಣನ ಮನೆಯಲ್ಲಿ ಈ ಮಾತು ಎತ್ತುವಂತಿಲ್ಲ, ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಾರಂತೆ. ನಾನು ಹೋದ ದಿನ ಅವರು ಬೂಟು ಹಾಕಿಕೊಂಡು, ಕಂಬಕ್ಕೆ ಗುರಿಯಿಟ್ಟು ಹಗ್ಗ ಎಸೆಯುವುದನ್ನು ಕಲಿಯುತ್ತಿದ್ದರು.

"ಟೀಚರೇ, ಕೈ ಅಲ್ಲ, ಸೊಂಟ ತಿರುಗ್ಬೇಕು" ಎಂದು ಕೂಗಿದರು ಹಗ್ಗದಕ್ಕ.

"ಸೊಂಟ ತಿರುಗಿದ್ರೆ ನಾನೇ ನೀರಿಗೆ ಹೋಗ್ತೀನಿ!"

"ಹೋಗಿ. ಎಳ್ಕೊಂಡು ಬರೋಕೆ ನಾನಿದೀನಲ್ಲ."

ಯಾಕೆ ಬರುತ್ತೀರಿ ಎಂದು ಟೀಚರನ್ನು ಕೇಳಿದೆ. ಹಗ್ಗ ಸುತ್ತುತ್ತಲೇ, "ಅವತ್ತು ಅಲ್ಲಿ ಕೂತು ಕಾಯ್ತಿದ್ವಲ್ಲ, ಆ ಹೊತ್ತು ಇನ್ನೂ ಮುಗಿದಿಲ್ಲ ನಂಗೆ. ಮನೇಲಿ ಕೂತ್ರೆ ಮತ್ತೆ ಅಲ್ಲೇ ಕೂತ ಹಾಗಾಗುತ್ತೆ. ಇಲ್ಲಿ ಬಂದ್ರೆ ಕೈಗೆ ಕೆಲಸ ಇರುತ್ತೆ" ಎಂದರು.

ಎರಡನೆಯ ದೋಣಿಗೆ ಕಮಿಟಿ ಒಪ್ಪಿದೆ. ಮೂಲೆಗೆ ಬಿದ್ದಿದ್ದ ಹಳೆಯ ದೋಣಿಯೊಂದನ್ನು ಷೆಡ್ಡಿನಲ್ಲಿ ಕವುಚಿ ಹಾಕಿದ್ದಾರೆ. ಕೊಳೆತ ಹಲಗೆ ಕಿತ್ತು ಹೊಸದು ಕೂರಿಸುತ್ತಿರುವವರು ಬಡಗಿಯಜ್ಜ. ಅವರ ಸೊಸೆ ಇನ್ನು ಕಡಲ ಕಡೆ ತಲೆ ಹಾಕಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದಾಳೆ. ಷೆಡ್ಡಿಗೆ ಹೋಗಬೇಡಿ ಎಂದು ಹೇಳಿಲ್ಲವಲ್ಲ, ಎಂದು ಅಜ್ಜ ಕೈಸನ್ನೆಯಲ್ಲಿ ಹೇಳಿದ್ದನ್ನು ಹಗ್ಗದಕ್ಕ ನನಗೆ ಮಾತಿನಲ್ಲಿ ಹೇಳಿದರು. ಎಂಜಿನ್ ಮಾತ್ರ ಇನ್ನೂ ಬಂದಿಲ್ಲ. ಇವತ್ತು, ನಾಳೆ ಎನ್ನುತ್ತಿದ್ದಾರೆ.

ಹೊರಡುವ ಮುಂಚೆ, ನಿಮಗೇನಾಗಬೇಕು ಎಂದು ಕೇಳುತ್ತೇನೆ. ಹಗ್ಗದಕ್ಕ ಜೆಟ್ಟಿಯ ತುದಿಯಲ್ಲಿ ನಿಂತಿದ್ದಾರೆ. ಟೀಚರು ಹಳದಿ ದೋಣಿಯಲ್ಲಿ ಸಣ್ಣದೊಂದು ದೋಣಿಯನ್ನು ಎಳೆದುಕೊಂಡು ಅಳಿವೆಯೊಳಗೆ ಬರುತ್ತಿದ್ದಾರೆ, ಮೊದಲ ಬಾರಿಗೆ ಒಬ್ಬರೇ. ಇವರ ಕೈ ಖಾಲಿ ಗಾಳಿಯಲ್ಲೇ ಚುಕ್ಕಾಣಿ ತಿರುಗಿಸುತ್ತಿದೆ.

"ಎರಡು ಕಡೆಯಿಂದ ಕರೆದ್ರೆ ಎರಡು ಕಡೆಗೂ ಹೋಗೋ ಹಾಗಾಗ್ಬೇಕು. ಬೇರೆ ಏನೂ ಬೇಡ. ನಾನು ಒಂದು ಕಡೆ ಹೋಗ್ತೀನಿ, ಇವ್ರು ಇನ್ನೊಂದು ಕಡೆ..." ಅಷ್ಟು ಹೇಳಿ ನಿಲ್ಲಿಸುತ್ತಾರೆ. "ಅಯ್ಯೋ, ಹಗ್ಗ ಸಡಿಲ ಬಿಟ್ರು ನೋಡಿ. ಟೀಚರೇ! ಬಿಗಿ, ಬಿಗಿ!" ಎನ್ನುತ್ತಾ ಇಳಿಜಾರಿನ ಕಡೆಗೆ ಓಡುತ್ತಾರೆ, ಬೂಟು ಕಳಚದೆ, ಸೊಂಟದವರೆಗೆ ನೀರಿಗಿಳಿದು, ಬರುತ್ತಿರುವ ದೋಣಿಗೆ ಎರಡೂ ಕೈ ಚಾಚುತ್ತಾರೆ.